ಅಟ್ಟದ ಲೆಕ್ಕ ಗ್ರಾಮಸಭೆಗೂ ಬರಲಿ

ನಮ್ಮ ಮಾಯಸಂದ್ರದ ಕಡೆ ಉಂಡೆ ಕೊಬ್ಬರಿ ಅವಸರಕ್ಕೆ ಆಗುವ ಮಾಲಲ್ಲ. ಬಲಿತ ಕಾಯಿ ಸಿಪ್ಪೆಸಮೇತ ತಿಂಗಳುಗಟ್ಟಲೆ, ಹೆಚ್ಚುಕಮ್ಮಿ ವರ್ಷ, ಅಟ್ಟದ ಮೇಲೇ ಒಣಗಬೇಕು. ಅವ್ವ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಒಳಗೆ ಗೊಟಗೊಟ ಅಂದರಷ್ಟೇ ಸುಲಿಯೋಕೆ ಇಳಿಸುವುದು. ಇಷ್ಟು ಕಾದ ಮಾಲಿಗೆ ಬೆಲೆ ಕಟ್ಟುವವರು ತಿಪಟೂರು ಮಾರುಕಟ್ಟೆಯ ವರ್ತಕರು. ಬೆಂಬಲ ಬೆಲೆಯೋ ದೆಹಲಿಯದು: 2024ರಲ್ಲಿ ಕ್ವಿಂಟಲಿಗೆ 12,000 ರೂಪಾಯಿ. ಕಾಯಿ ಸುಲಿಯುವವನ, ಚಿಪ್ಪು ಒಡೆಯುವವಳ ಲೆಕ್ಕ ಕೇಳುವವರಿಲ್ಲ.

ಆದರೆ ಕೇಳಿ ಪಡೆದವರೂ ಇದ್ದಾರೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು, 2011ರಲ್ಲಿ ಕಾಡಿನ ಉತ್ಪನ್ನದ ಮೇಲೆ ಸಮುದಾಯ ಹಕ್ಕು ಪಡೆದರು. ಅದಕ್ಕೆ ಮೆಟ್ಟಿಲಾದದ್ದು ಗ್ರಾಮಸಭೆ. ನಮ್ಮಲ್ಲಿ ಅದು ಚರಂಡಿ, ಬೀದಿದೀಪಕ್ಕೇ ಮುಗಿಯುತ್ತದೆ. ಮುಂದಿನ ಸಭೆಗೆ ಬನ್ನಿ, ಕೊಬ್ಬರಿಯ ಖರ್ಚು ಬರೆಸಿ, ನಿರ್ಣಯ ಮಾಡಿಸಿ. ಮನೆಯ ಹೆಂಗಸರನ್ನೂ ಕರೆತನ್ನಿ.