ಹಳೆಯ ಸರ್ವರ್: ಓಡುತ್ತಿದ್ದರೆ ಸಾಕೇ?

"ಚೆನ್ನಾಗಿಯೇ ಕೆಲಸ ಮಾಡುತ್ತಿದೆಯಲ್ಲ, ಅದನ್ನೇಕೆ ಮುಟ್ಟಬೇಕು?" ಹಳೆಯ ಸರ್ವರ್‌ಗಳ ಮಾತು ಬಂದಾಗ ಅನೇಕ ಕಚೇರಿಗಳಲ್ಲಿ ಕೇಳುವ ಪ್ರಶ್ನೆ ಇದು. ನಿಜ, ಆಪರೇಟಿಂಗ್ ಸಿಸ್ಟಂನ ಬೆಂಬಲದ ಅವಧಿ ಮುಗಿದ ಮಾತ್ರಕ್ಕೆ ಸರ್ವರ್ ನಿಲ್ಲುವುದಿಲ್ಲ. ಮರುದಿನವೂ ಅದು ಎಂದಿನಂತೆಯೇ ಓಡುತ್ತದೆ. ಹಾಗಾದರೆ ಅಪಾಯ ಎಲ್ಲಿದೆ?

ಬೆಂಬಲ ಎಂದರೇನು?

ಆಪರೇಟಿಂಗ್ ಸಿಸ್ಟಂ ಬಹಳ ದೊಡ್ಡ ತಂತ್ರಾಂಶ; ಅದರಲ್ಲಿ ತಪ್ಪುಗಳು ಇದ್ದೇ ಇರುತ್ತವೆ. ಅವು ಪತ್ತೆಯಾದಂತೆಲ್ಲ ತಯಾರಕರು ಪ್ಯಾಚ್‌ಗಳನ್ನು, ಅಂದರೆ ತೇಪೆಗಳನ್ನು, ಕಳುಹಿಸುತ್ತಾರೆ. ಈ ಸೇವೆಗೊಂದು ಕೊನೆಯ ದಿನವಿರುತ್ತದೆ. ವಿಂಡೋಸ್ ಸರ್ವರ್ 2012ರ ಬೆಂಬಲ 2023ರ ಅಕ್ಟೋಬರ್ 10ಕ್ಕೆ, ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದವು. ವಿಂಡೋಸ್ ಸರ್ವರ್ 2016ಕ್ಕೆ ನಿಗದಿಯಾಗಿರುವ ದಿನ 2027ರ ಜನವರಿ 12.

ತೇಪೆಯೇ ಸುಳಿವು!

ಹೊಸ ಆವೃತ್ತಿಯಲ್ಲಿ ಹಳೆಯದರ ಎಷ್ಟೋ ಭಾಗ ಹಾಗೆಯೇ ಉಳಿದಿರುತ್ತದೆ. ಹೊಸದರಲ್ಲಿ ಸಿಕ್ಕ ದೋಷ ಹಳೆಯದರಲ್ಲೂ ಇರುವುದು ಅಪರೂಪವಲ್ಲ. ಹೊಸದಕ್ಕೆ ಪ್ಯಾಚ್ ಬಂದಾಗ, ಅದು ಏನನ್ನು ಬದಲಿಸಿದೆಯೆಂದು ಹೋಲಿಸಿ ನೋಡುವ ದಾಳಿಕೋರರಿಗೆ ದೋಷ ಎಲ್ಲಿತ್ತು ಎಂಬುದು ತಿಳಿದುಬಿಡುತ್ತದೆ. ಹೊಸ ಸರ್ವರ್ ಸುರಕ್ಷಿತವಾಗುತ್ತದೆ, ಹಳೆಯದರ ಬಾಗಿಲು ತೆರೆದೇ ಇರುತ್ತದೆ. ಹೀಗಾಗಿ ಬೆಂಬಲವಿಲ್ಲದ ಸರ್ವರ್ ತಾನೇನೂ ಬದಲಾಗದಿದ್ದರೂ ತಿಂಗಳಿಂದ ತಿಂಗಳಿಗೆ ಹೆಚ್ಚು ದುರ್ಬಲವಾಗುತ್ತದೆ.

ವನ್ನಾಕ್ರೈ ಕಲಿಸಿದ ಪಾಠ

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್‌ನ ಕಡತ ಹಂಚಿಕೆ ವ್ಯವಸ್ಥೆಯ ದೋಷವೊಂದಕ್ಕೆ ಪ್ಯಾಚ್ ನೀಡಿತು. ಮೇ 12ರಂದು ಅದೇ ದೋಷವನ್ನು ಬಳಸಿಕೊಂಡು ವನ್ನಾಕ್ರೈ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು. ಕೆಲವು ಆಸ್ಪತ್ರೆಗಳು ಆಂಬುಲೆನ್ಸ್‌ಗಳನ್ನು ಬೇರೆಡೆಗೆ ಕಳುಹಿಸಬೇಕಾಯಿತು. 2015ರಲ್ಲೇ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಸರ್ವರ್ 2003ಕ್ಕೆ ಸಾರ್ವಜನಿಕವಾಗಿ ಪ್ಯಾಚ್ ದೊರೆತದ್ದು ದಾಳಿ ಶುರುವಾದ ಮೇಲೆ.

ಇಲ್ಲೊಂದು ಸ್ವಾರಸ್ಯವಿದೆ. ಆ ಆಸ್ಪತ್ರೆಗಳಲ್ಲಿ ಸೋಂಕು ತಗುಲಿದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 7 ಬಳಸುತ್ತಿದ್ದವು. ಅದಕ್ಕೆ ಆಗ ಬೆಂಬಲವೂ ಇತ್ತು, ಪ್ಯಾಚ್ ಕೂಡ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. ಬೆಂಬಲವಿದ್ದರೆ ಮದ್ದು ಸಿಗುತ್ತದೆ, ಸೇವಿಸಬೇಕಾದವರು ನಾವೇ.

ಬದಲಾವಣೆ ಹೇಗೆ?

ಕೊನೆಯ ದಿನದವರೆಗೆ ಕಾಯುವುದು ಸರಿಯಲ್ಲ. ಯಾವ ಸರ್ವರ್‌ನಲ್ಲಿ ಯಾವ ಆವೃತ್ತಿ ಇದೆ, ಅದನ್ನು ನಂಬಿಕೊಂಡಿರುವ ತಂತ್ರಾಂಶಗಳು ಯಾವುವು ಎಂಬ ಪಟ್ಟಿ ಮೊದಲು ಬೇಕು. ವಿಳಂಬವಾಗುವುದು ಹೆಚ್ಚಾಗಿ ಇಲ್ಲೇ: ಹತ್ತು ವರ್ಷದ ಹಿಂದೆ ಬರೆಸಿದ ಲೆಕ್ಕಪತ್ರದ ತಂತ್ರಾಂಶ ಹೊಸ ವ್ಯವಸ್ಥೆಯಲ್ಲಿ ಓಡದೇ ಇರಬಹುದು. ಆದ್ದರಿಂದ ಸರ್ವರ್‌ನ ನಕಲೊಂದರ ಮೇಲೆ ಮೊದಲು ಪ್ರಯೋಗ ಮಾಡಬೇಕು. ಬ್ಯಾಕಪ್ ತೆಗೆದಿಟ್ಟರೆ ಸಾಲದು, ಅದರಿಂದ ಮಾಹಿತಿ ಮರಳಿ ಪಡೆಯಲು ಸಾಧ್ಯವೇ ಎಂದೂ ಪರೀಕ್ಷಿಸಬೇಕು.

ತಕ್ಷಣ ಬದಲಿಸಲಾಗದಿದ್ದರೆ ಕೆಲವು ವ್ಯವಸ್ಥೆಗಳಿಗೆ ಹಣ ಕೊಟ್ಟು ಹೆಚ್ಚುವರಿ ಬೆಂಬಲ ಪಡೆಯಬಹುದು. ಇಲ್ಲವೇ ಆ ಸರ್ವರನ್ನು ಅಂತರಜಾಲದಿಂದಲೂ ಉಳಿದ ಜಾಲದಿಂದಲೂ ಬೇರ್ಪಡಿಸಿಡಬಹುದು. ಇವು ಸಮಯ ಗಳಿಸುವ ದಾರಿಗಳು ಮಾತ್ರ, ಪರಿಹಾರವಲ್ಲ.

ಯೋಜಿಸಿ ಬದಲಿಸಿದರೆ ಸರ್ವರ್ ನಿಲ್ಲುವ ಹೊತ್ತನ್ನು ನಾವು ಆರಿಸಿಕೊಳ್ಳುತ್ತೇವೆ. ತಡಮಾಡಿದರೆ ಆ ಆಯ್ಕೆ ದಾಳಿಕೋರರ ಪಾಲಾಗುತ್ತದೆ.