ಮಾತ್ರೆ ಅಗ್ಗವಾಯ್ತು, ರೋಗ ಪತ್ತೆ ಯಾವಾಗ?

‘ಎಂಡೋಸ್ಕೋಪಿ ಮಾಡಿಸಿದ್ವಿ, ಬಯಾಪ್ಸಿ ನಾರ್ಮಲ್ ಬಂತು’ ಅಂದರೆ ಮನೆಮಂದಿಯೆಲ್ಲ ನಿರಾಳರಾಗುತ್ತಾರೆ. ಆದರೆ ಹೊಟ್ಟೆಯ ಕೆಲವು ಗಡ್ಡೆಗಳ ವಿಷಯದಲ್ಲಿ ಈ ‘ನಾರ್ಮಲ್’ ನಂಬುವಂಥದ್ದಲ್ಲ.

ಜಿಸ್ಟ್ (ಜಿಐಎಸ್‌ಟಿ) ಎಂಬ ಅಪರೂಪದ ಗಡ್ಡೆಯನ್ನೇ ನೋಡಿ. ಜಠರದ ಸಾಮಾನ್ಯ ಕ್ಯಾನ್ಸರ್ ಶುರುವಾಗುವುದು ಒಳಪದರದಲ್ಲಿ. ಜಿಸ್ಟ್ ಹೆಚ್ಚಾಗಿ ಹುಟ್ಟುವುದು ಅದರಡಿಯ ಸ್ನಾಯುಪದರದಲ್ಲಿ. ಎಂಡೋಸ್ಕೋಪಿಯ ಚಿಮುಟ ಕಿತ್ತು ತರುವುದು ಮೇಲಿನ ಚೂರನ್ನು. ಲ್ಯಾಬ್ ಸುಳ್ಳು ಹೇಳಿಲ್ಲ, ಆ ಚೂರು ನಾರ್ಮಲ್ಲೇ! ಇಂಜಿನಿಯರಿಂಗ್‌ನಲ್ಲಿ ನಾನು ಕಲಿತ ಪಾಠವೂ ಇದೇ: ಸ್ಯಾಂಪಲ್ ತಪ್ಪಾದರೆ ಯಂತ್ರ ಎಷ್ಟು ಒಳ್ಳೆಯದಿದ್ದರೂ ಉತ್ತರ ತಪ್ಪೇ. ಆಳದ ಚೂರು ಬೇಕೆಂದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಹಾಕಬೇಕು. ಅದು ಎಲ್ಲ ಊರಲ್ಲೂ ಸಿಗಲ್ಲ. ಅಷ್ಟರಲ್ಲಿ ಗಡ್ಡೆಯಿಂದ ಒಳಗೊಳಗೇ ರಕ್ತ ಸೋರುತ್ತಿದ್ದರೆ, ರೋಗಿ ರಕ್ತಹೀನತೆಗೆಂದು ಐರನ್ ಮಾತ್ರೆ ನುಂಗುತ್ತಾ ಕೂತಿರಬಹುದು.

ಚೂರು ಸಿಕ್ಕರೂ ಕಥೆ ಮುಗಿಯಲ್ಲ. ಸೂಕ್ಷ್ಮದರ್ಶಕದಲ್ಲಿ ಜಿಸ್ಟ್, ಸ್ನಾಯುವಿನ ಗಡ್ಡೆ, ನರದ ಗಡ್ಡೆ ಮೂರೂ ಒಂದೇ ಥರ ಕಾಣಬಹುದು. ದಶಕಗಳ ಕಾಲ ಜಿಸ್ಟ್‌ಗೆ ಸ್ನಾಯುಗಡ್ಡೆ ಎಂಬ ಹಣೆಪಟ್ಟಿಯೇ ಇತ್ತು. 1998ರಲ್ಲಿ ಜಪಾನಿನ ಹಿರೋಟಾ ತಂಡ ಇದರಲ್ಲಿ ಕಿಟ್ ವಂಶವಾಹಿಯ ದೋಷ ಗುರುತಿಸಿದ ಮೇಲೆ ಚಿತ್ರ ಬದಲಾಯಿತು. ಈಗ ಸಿಡಿ117, ಡಾಗ್1 ಪರೀಕ್ಷೆಗಳಿವೆ. ಕೆಲವು ಜಿಸ್ಟ್‌ಗಳು ಸಿಡಿ117ರಲ್ಲೂ ನೆಗೆಟಿವ್ ಬರುತ್ತವೆ. ಇನ್ನು ಪಿಡಿಜಿಎಫ್ಆರ್‌ಎ ವಂಶವಾಹಿಯಲ್ಲಿ ಡಿ842ವಿ ಎಂಬ ಬದಲಾವಣೆ ಇದ್ದರೆ ಇಮ್ಯಾಟಿನಿಬ್ ಮಾತ್ರೆ ಕೆಲಸವನ್ನೇ ಮಾಡಲ್ಲ. ಅದು ಗೊತ್ತಾಗಬೇಕಾದರೆ ವಂಶವಾಹಿ ಪರೀಕ್ಷೆ ಬೇಕು.

ಇದೇ ಇಮ್ಯಾಟಿನಿಬ್‌ಗಾಗಿ ನಮ್ಮ ದೇಶ ದೊಡ್ಡ ಕಾನೂನು ಸಮರ ಕಂಡಿದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ನಿರಾಕರಿಸಿತು. ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದ ಮಾತ್ರೆಗೆ ಬದಲು ಅದರ ಹತ್ತನೇ ಒಂದು ಭಾಗದ ಬೆಲೆಗೆ ಸಿಗುವ ದೇಶಿ ಮಾತ್ರೆ ಉಳಿದುಕೊಂಡಿತು. ನಿಜಕ್ಕೂ ದೊಡ್ಡ ಗೆಲುವು.

ಆದರೆ ಮಾತ್ರೆ ಯಾರಿಗೆ ಬೇಕು ಅಂತ ಹೇಳಬೇಕಾದ ಪರೀಕ್ಷೆಯ ಬಗ್ಗೆ ಅಷ್ಟು ಚರ್ಚೆ ನಡೆಯಲೇ ಇಲ್ಲ. ಆಯುಷ್ಮಾನ್ ಭಾರತ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಸರಿ. ಅದು ಮೂಲತಃ ಆಸ್ಪತ್ರೆಗೆ ದಾಖಲಾದವರಿಗೆ. ದಾಖಲಾತಿಗೆ ಮುಂಚಿನ ಪರೀಕ್ಷೆಗಳಿಗೆ ಸಿಗುವುದು 3 ದಿನದ ಲೆಕ್ಕ. ಜಿಸ್ಟ್‌ನಂಥ ರೋಗದಲ್ಲಿ ಪತ್ತೆಗೇ ವಾರಗಳು ಹಿಡಿಯುತ್ತವೆ. ಆ ಖರ್ಚು ರೋಗಿಯ ಜೇಬಿಂದಲೇ.

ಹೊಟ್ಟೆಯಲ್ಲಿ ಕಂಡ ಉಬ್ಬೆಲ್ಲ ಜಿಸ್ಟ್ ಅಲ್ಲ, ಗಾಬರಿ ಬೇಡ. ಆದರೆ ಉಬ್ಬು ಕಂಡೂ ಬಯಾಪ್ಸಿ ನಾರ್ಮಲ್ ಬಂದರೆ, ‘ಚೂರು ಯಾವ ಪದರದ್ದು ಡಾಕ್ಟ್ರೇ?’ ಅಂತ ಕೇಳಿ. ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ: ಚಿಕಿತ್ಸೆಗೆ ದುಡ್ಡು ಕೊಡುವ ನೀವು, ರೋಗ ಪತ್ತೆಗೆ ಯಾಕೆ ಕೊಡಲ್ಲ?