ನಾಲ್ಕು ಜಿಲ್ಲೆ ಹೋದರೇನು?

“ಉಕ್ರೇನಿನವರು ನಾಲ್ಕು ಜಿಲ್ಲೆ ಬಿಟ್ಟುಕೊಟ್ಟು ರಾಜಿ ಮಾಡಿಕೊಳ್ಳಬಾರದೆ?” ಎಂದು ಕೇಳುವ ಮಹನೀಯರು ನಮ್ಮಲ್ಲಿ ಕಡಮೆಯಿಲ್ಲ. ಕಾಫಿಯ ಲೋಟದ ಪಕ್ಕದಲ್ಲಿ ನಕ್ಷೆ ಹರಡಿಕೊಂಡು ಪರರ ನೆಲದ ಮೇಲೆ ಗೆರೆ ಎಳೆಯುವುದು ಸುಲಭದ ಕೆಲಸ. ಯುದ್ಧ ನಿಲ್ಲಬೇಕೆಂಬ ಆಸೆ ತಪ್ಪಲ್ಲ. ಆದರೆ ಬಿಟ್ಟುಕೊಡುವುದು ಏನನ್ನು ಎಂಬುದನ್ನು ಅರಿಯದೆ ಉದಾರಿಯಾಗುವುದು ತಪ್ಪು.

ಕೀವ್ ನಗರದ ವಾಯವ್ಯಕ್ಕೆ, ತೆತೆರಿವ್ ನದಿಯ ದಂಡೆಯಲ್ಲಿ, ಇವಾಂಕಿವ್ ಎಂಬ ಊರಿದೆ. ಸೋವಿಯತ್ ಕಾಲದಿಂದ ಅದು ಒಂದು ‘ರಾಯೋನಿ’ನ, ಎಂದರೆ ಹೆಚ್ಚುಕಡಮೆ ನಮ್ಮ ತಾಲ್ಲೂಕಿನಂಥ ವಿಭಾಗದ, ಕೇಂದ್ರವಾಗಿತ್ತು. 1986ರ ಏಪ್ರಿಲ್ 26ರಂದು ನೆರೆಯ ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಸ್ಥಾವರದ ಮಗ್ಗುಲಲ್ಲೇ ಇದ್ದ ಪ್ರೀಪ್ಯತ್ ಪಟ್ಟಣವನ್ನು ತೆರವು ಮಾಡಿಸಿದ್ದು ಮರುದಿನ ಮಧ್ಯಾಹ್ನ. ಮಾಸ್ಕೋ ಲೋಕಕ್ಕೆ ಸುದ್ದಿ ತಿಳಿಸಿದ್ದು 28ರ ಸಂಜೆ, ಅದೂ ಸ್ವೀಡನ್ನಿನ ಉಪಕರಣಗಳು ಗುಟ್ಟು ಬಯಲು ಮಾಡಿದ ಮೇಲೆ. ಆ ವರ್ಷವೊಂದರಲ್ಲೇ ಲಕ್ಷಕ್ಕೂ ಮೀರಿ ಜನ ಮನೆಮಠ ತೊರೆದರು. 1988ರಲ್ಲಿ ಚೆರ್ನೋಬಿಲ್ ರಾಯೋನನ್ನೇ ರದ್ದು ಮಾಡಿ, ಅದರ ನೆಲವನ್ನು ಇವಾಂಕಿವ್‌ಗೆ ಸೇರಿಸಿದರು. ಊರಿನವರನ್ನು ಕೇಳುವ ಪದ್ಧತಿ ಆ ರಾಜ್ಯದಲ್ಲಿ ಇರಲಿಲ್ಲ.

2020ರ ಜುಲೈಯಲ್ಲಿ ಇವಾಂಕಿವ್ ರಾಯೋನ್ ಕೂಡ ಅಳಿಯಿತು. ದೇಶದ 490 ರಾಯೋನುಗಳನ್ನು 136ಕ್ಕೆ ಇಳಿಸಿದಾಗ ಅದು ವಿಷ್‌ಹೊರೊದ್ ರಾಯೋನಿನಲ್ಲಿ ಸೇರಿಹೋಯಿತು. “ನೋಡಿ, ಕೀವ್ ಕೂಡ ಗೆರೆ ಅಳಿಸಿತಲ್ಲ!” ಎಂದು ನಮ್ಮ ಮಹನೀಯರು ಕೈತಟ್ಟಬಹುದು. ಸ್ವಲ್ಪ ತಾಳಬೇಕು. ಅಳಿಸಿದ್ದು ಜನರೇ ಆರಿಸಿದ ಸಂಸತ್ತು. ರಾಯೋನಿನ ಅಧಿಕಾರದ ಬಹುಪಾಲು ‘ಹ್ರೊಮಾದಾ’ ಎಂಬ ಸ್ಥಳೀಯ ಸಮುದಾಯಗಳಿಗೆ ಇಳಿಯಿತು. ಅದೇ ಅಕ್ಟೋಬರಿನಲ್ಲಿ ಅವುಗಳಿಗೆ ಚುನಾವಣೆಯೂ ನಡೆಯಿತು. ಹಳೆಯ ಹೆಸರು ಹೋಯಿತೆಂದು ಕೆಲವರಿಗೆ ನೋವಾಗಿದ್ದರೆ ಅದು ಸಹಜವೇ. ಆದರೆ ಮತದಿಂದ ಎಳೆದ ಗೆರೆಯನ್ನು ಮತದಿಂದ ತಿದ್ದಬಹುದು. ಫಿರಂಗಿ ಎಳೆದ ಗೆರೆಯನ್ನು ಯಾವ ಮತಪೆಟ್ಟಿಗೆ ತಿದ್ದೀತು? ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿಗೆ ತೂಕವೇ ತಿಳಿಯದು.

ಆ ವ್ಯತ್ಯಾಸ ಇವಾಂಕಿವ್‌ನವರಿಗೆ ಬೇಗನೆ ತಿಳಿಯಿತು. 2022ರ ಫೆಬ್ರವರಿ 24ರಂದು ರಷ್ಯದ ಸೈನ್ಯ ಬೆಲರೂಸಿನಿಂದ ನುಗ್ಗಿ, ನಿರ್ಜನವಾದ ಚೆರ್ನೋಬಿಲ್ ಪ್ರದೇಶವನ್ನು ದಾಟಿ ಬಂದಿತು. ಕೆಲವೇ ದಿನಗಳಲ್ಲಿ ಊರಿನ ಪುಟ್ಟ ವಸ್ತುಸಂಗ್ರಹಾಲಯ ಬೆಂಕಿಗೆ ಸಿಕ್ಕಿತು. ಅಲ್ಲಿದ್ದವು ಮರಿಯಾ ಪ್ರಿಮಾಚೆಂಕೊ ಬರೆದ ಚಿತ್ರಗಳು. ಪಕ್ಕದ ಬೊಲೊತ್ನ್ಯಾ ಹಳ್ಳಿಯ ರೈತಾಪಿ ಹೆಣ್ಣುಮಗಳು ಆಕೆ. ಯಾವ ಕಲಾಶಾಲೆಯ ಬಿರುದೂ ಇಲ್ಲದೆ, 1937ರ ಪ್ಯಾರಿಸ್ ಪ್ರದರ್ಶನದವರೆಗೆ ತನ್ನ ವಿಚಿತ್ರ ಮೃಗಗಳನ್ನೂ ಹೂಗಳನ್ನೂ ಮುಟ್ಟಿಸಿದವಳು. ಉರಿಯುವ ಕಟ್ಟಡದಿಂದ ಕೆಲವು ಚಿತ್ರಗಳನ್ನು ಹೊರತಂದವರು ಯಾವ ರಾಜಧಾನಿಯ ಪಂಡಿತರೂ ಅಲ್ಲ, ಸ್ಥಳದವರೇ.

ಸುಮಾರು ಐದು ವಾರಗಳ ಮೇಲೆ ಆ ಸೈನ್ಯ ಹಿಂದೆಗೆಯಿತು. ಹಿಂದೆಗೆಯದೆ ಹೋಗಿದ್ದರೆ? ಇವಾಂಕಿವ್ ಕೂಡ ಈ ಹೊತ್ತು “ಬಿಟ್ಟುಕೊಟ್ಟರೇನು” ಎಂಬ ಪಟ್ಟಿಗೆ ಸೇರಿರುತ್ತಿತ್ತು. ಬೊಲೊತ್ನ್ಯಾ ಹಳ್ಳಿಯ ಹೆಸರು ಕೇಳದವರೇ ಅದನ್ನು ದಾನ ಕೊಡುತ್ತಿದ್ದರು. ಪಟ್ಟಿಯಲ್ಲಿ ಈಗಿರುವ ಜಿಲ್ಲೆಗಳಲ್ಲೂ ಇಂಥ ಊರುಗಳಿಲ್ಲವೆ? ಕಂಡವರ ಸೊತ್ತನ್ನು ದಾನ ಮಾಡುವವನು ದಾನಿಯಲ್ಲ. ಶಾಂತಿಯ ಬೆಲೆಯನ್ನು ಗೊತ್ತುಮಾಡುವ ಹಕ್ಕು ಅದನ್ನು ತೆರಬೇಕಾದವರದು.